ಗುಂಡನ ಕೆರೆಗಳು

ಮಕ್ಕಳೇ, ನಮ್ಮ ಮನೆಗೆ 2 ತಿಂಗಳ ನಾಯಿಮರಿ ಬಂದಿದೆ. ಹೆಸರು ಗುಂಡ. ಮೊದಲ ವಾರ ನಡುಮನೆಯಲ್ಲಿ ದಿನಕ್ಕೆ ಏಳೆಂಟು ಕೆರೆ! ನನ್ನ ಪೂಜೆಯ ಮಣೆಯನ್ನೂ ಬಿಡಲಿಲ್ಲ. ಸಿಟ್ಟಿನಲ್ಲಿ ಅದರ ಮೂತಿಯನ್ನು ಒದ್ದೆಗೆ ತಿಕ್ಕಿ ಒಂದೇಟು ಕೊಟ್ಟೆ. ನಮ್ಮ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಅಂದಿನಿಂದ ನನ್ನನ್ನು ಕಂಡರೆ ಗುಂಡ ಮಂಚದ ಕೆಳಗೆ ನುಸುಳಿ, ಅಲ್ಲೇ ಉಚ್ಚೆ ಹೊಯ್ಯತೊಡಗಿತು. ಮೊಮ್ಮಗಳು ನನ್ನೊಡನೆ ಮಾತು ಬಿಟ್ಟಳು.

ಲಸಿಕೆಗೆ ಹೋದಾಗ ಪಶುವೈದ್ಯರನ್ನು ಕೇಳಿದೆ. "ಅಜ್ಜಿ, ಇಷ್ಟು ಚಿಕ್ಕ ಮರಿ 2–3 ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು. ಆಗಿಹೋದ ಮೇಲೆ ಹೊಡೆದರೆ ಯಾಕೆಂದು ಅದಕ್ಕೆ ತಿಳಿಯದು. ನಿಮ್ಮ ಕಣ್ಣು ತಪ್ಪಿಸುವುದನ್ನಷ್ಟೇ ಕಲಿಯುತ್ತದೆ" ಎಂದರು. ಪದೇ ಪದೇ ಹನಿಹನಿ ಹೋದರೆ ಮೂತ್ರದ ಸೋಂಕಿರಬಹುದು, ತೋರಿಸಿ ಎಂದೂ ಹೇಳಿದರು.

ಈಗ ನಿದ್ದೆಯಿಂದ ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಹಿತ್ತಲಿನ ಸೀಬೆ ಗಿಡದ ಬುಡಕ್ಕೇ ಒಯ್ಯುತ್ತೇವೆ. ಮುಗಿಸಿದ ತಕ್ಷಣ "ಶಭಾಷ್!", ಜೊತೆಗೊಂದು ಚೂರು ಚಪಾತಿ. ನೆಲ ಮೂಸುತ್ತ ಸುತ್ತು ಹಾಕಿದರೆ ಎತ್ತಿಕೊಂಡು ಓಡಬೇಕು. ನನ್ನ ಮಂಡಿಗೆ ಅದು ಆಗದು, ಮೊಮ್ಮಗಳ ಕೆಲಸ. ವಾಸನೆ ಉಳಿದರೆ ಮತ್ತೆ ಅಲ್ಲೇ ಹೊಯ್ಯುತ್ತದೆಂದು ವಿನೆಗರ್ ನೀರಿನಲ್ಲಿ ಒರೆಸುವುದು ನನ್ನ ಪಾಲು.

ನಿನ್ನೆ ರಾತ್ರಿ 2 ಗಂಟೆಗೆ ಮಂಚದ ಬಳಿ ಕುಂಯ್ ಕುಂಯ್ ಸದ್ದು. ಗುಂಡ ಮೊಮ್ಮಗಳನ್ನಲ್ಲ, ನನ್ನನ್ನೇ ಎಬ್ಬಿಸಿತ್ತು. ಚಿಲಕ ತೆಗೆಯುವಷ್ಟರಲ್ಲಿ ಹೊಸಿಲ ಮೇಲೆ ಸ್ವಲ್ಪ ಆಗಿಯೇ ಹೋಯಿತು. ಉಳಿದದ್ದು ಸೀಬೆ ಗಿಡಕ್ಕೆ.