ಬೂಟು ಬಿಚ್ಚಿ ಪಾದ ನೋಡಿ

ಥಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಲ್ಲಿ ದಿನವಿಡೀ ಸೇಫ್ಟಿ ಶೂ ಹಾಕಿಕೊಂಡು ನಿಂತೇ ದುಡಿಯುವವರಿಗೆ ಕಾಲ್ಬೆರಳಿನ ಉಗುರು ಕಪ್ಪಾಗುವುದು ಹೊಸತಲ್ಲ. ಬೂಟು ಒತ್ತಿರಬೇಕು ಎಂದು ಸುಮ್ಮನಾಗುತ್ತಾರೆ. ಅಂಗಾಲಿನಲ್ಲಿ ಗಂಟು ಕಂಡರೆ ಆಣಿ ಎಂದು ಬ್ಲೇಡಿನಿಂದ ಕೆತ್ತುತ್ತಾರೆ. ಬಹಳ ಸಲ ಅವರ ಊಹೆಯೇ ಸರಿ. ಆದರೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ನಮ್ಮ ಮೈಬಣ್ಣದವರಲ್ಲಿ ಹೆಚ್ಚಾಗಿ ತಲೆಯೆತ್ತುವುದೂ ಇಂಥ ಕಡೆಗಳಲ್ಲೇ: ಅಂಗಾಲು, ಅಂಗೈ, ಉಗುರಿನ ಅಡಿ.

ಇದು ನಮ್ಮಲ್ಲಿ ಅಪರೂಪದ ರೋಗ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗಿಂತಲೂ ಕಡಿಮೆ. ಅಪರೂಪವಾದ್ದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ. ಬಿಳಿಯರಿಗೆ ಬಿಸಿಲಿನಿಂದ ಬರುವ ಕಾಯಿಲೆ ಎಂಬ ನಂಬಿಕೆ ಬೇರೆ. ಅಂಗಾಲಿಗೆ ಎಲ್ಲಿಯ ಬಿಸಿಲು? ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲಿನ ಹೆಬ್ಬೆರಳ ಉಗುರಿನಡಿ ಇದೇ ರೋಗ ಪತ್ತೆಯಾಯಿತು. ಮೊದಲು ಅದನ್ನು ಫುಟ್‌ಬಾಲ್ ಆಟದ ಪೆಟ್ಟೆಂದು ತಿಳಿದಿದ್ದರು. 1981ರ ಮೇ 11ರಂದು ಅವರು ತೀರಿಕೊಂಡಾಗ ವಯಸ್ಸು 36.

ಪೆಟ್ಟಿನಿಂದ ಹೆಪ್ಪುಗಟ್ಟಿದ ರಕ್ತವಾದರೆ ಉಗುರು ಬೆಳೆದಂತೆ ಕಲೆಯೂ ಮುಂದೆ ಸರಿಯುತ್ತದೆ, ಬುಡದಲ್ಲಿ ಹೊಸ ಉಗುರು ತಿಳಿಯಾಗಿ ಬರುತ್ತದೆ. ಮೆಲನೋಮದ ಪಟ್ಟೆ ಹಾಗಲ್ಲ. ಬುಡದಿಂದ ತುದಿಯವರೆಗೆ ನಿಂತೇ ಇರುತ್ತದೆ, ಅಗಲವಾಗುತ್ತದೆ, ಕೆಲವೊಮ್ಮೆ ಪಕ್ಕದ ಚರ್ಮಕ್ಕೂ ಕಪ್ಪು ಇಳಿಯುತ್ತದೆ. ಕಾಲಿನ ಉಗುರು ಪೂರ್ತಿ ಹೊಸದಾಗಲು ವರ್ಷವೇ ಬೇಕು. ಅಲ್ಲಿಯವರೆಗೆ ಕಾಯಬೇಡಿ, ಕೆಲವು ವಾರಗಳಲ್ಲಿ ಕಲೆ ಕದಲದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಅಂಚು ವಕ್ರವಾಗಿ ಹರಡುತ್ತಿರುವ, ಎರಡು ಮೂರು ಬಣ್ಣ ಬೆರೆತ, ರಕ್ತ ಜಿನುಗುವ ಮಚ್ಚೆಯನ್ನೂ ತೋರಿಸಿ. ಮೆಲನೋಮ ಯಾವಾಗಲೂ ಕಪ್ಪಾಗಿಯೇ ಇರಬೇಕೆಂದಿಲ್ಲ. ವಾಸಿಯಾಗದ ಕೆಂಪು ಹುಣ್ಣೂ ಇದೇ ಆಗಿರಬಹುದು.

ಇಲ್ಲಿ ಎಲ್ಲವನ್ನೂ ನಿರ್ಧರಿಸುವುದು ಆಳ. ಚರ್ಮದೊಳಗೆ ಒಂದು ಮಿಲಿಮೀಟರ್ ಇಳಿಯುವ ಮೊದಲೇ ಸಿಕ್ಕರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲೇ ಹೆಚ್ಚಿನವರು ಗುಣವಾಗುತ್ತಾರೆ. ಶ್ವಾಸಕೋಶಕ್ಕೋ ಮಿದುಳಿಗೋ ಹರಡಿದ ಮೇಲೆ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಓಡಿದರೂ ಹೋರಾಟ ಕಠಿಣ. ಸುಣ್ಣ-ಸೋಡಾ ಹಚ್ಚಿ ಮಚ್ಚೆ ಸುಡುವುದು, ದಾರ ಕಟ್ಟಿ ಉದುರಿಸುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಅಪಾಯ: ಪರೀಕ್ಷೆಗೆ ಕಳಿಸಬೇಕಾದ ತುಣುಕೇ ಹಾಳಾಗುತ್ತದೆ.

ಕಾರ್ಖಾನೆಯ ಹೆಲ್ತ್ ಚೆಕಪ್ಪಿನಲ್ಲಿ ಬಿಪಿ, ಶುಗರ್, ಕಣ್ಣು ನೋಡಿ ಕಳಿಸುತ್ತಾರೆ. ಬೂಟು ಬಿಚ್ಚಿಸುವವರು ಕಡಿಮೆ. ಮುಂಬಯಿ, ಥಾಣೆ, ಡೊಂಬಿವಲಿಯ ಕನ್ನಡ ಸಂಘಗಳಲ್ಲಿ ನನ್ನ ವಿನಂತಿ ಇಷ್ಟೆ. ಮುಂದಿನ ಆರೋಗ್ಯ ಶಿಬಿರದಲ್ಲಿ ಒಬ್ಬ ಚರ್ಮವೈದ್ಯರನ್ನು ಕೂರಿಸಿ, ಬಂದವರೆಲ್ಲರ ಬೂಟು, ಸಾಕ್ಸ್ ಬಿಚ್ಚಿಸಿ ಅಂಗಾಲು ನೋಡಿಸಿ. ಮನೆಯಲ್ಲಿ ತಿಂಗಳಿಗೊಮ್ಮೆ ಅಪ್ಪನ, ಅಮ್ಮನ ಪಾದಗಳನ್ನು ನೀವೇ ನೋಡಿ.