ನಿಮ್ಮ ಶಾಪಿನಲ್ಲಿ ಇಬ್ಬರು ಐಟಿಐ ಮಕ್ಕಳಿಗೆ ಜಾಗ ಕೊಡಿ

ಬೆಳಗಾವಿಯ ಉದ್ಯಮಬಾಗದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ತಾರಿಹಾಳದಲ್ಲಿ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ನಡೆಸುತ್ತಿರುವ ಮಾಲೀಕರಲ್ಲಿ, ತಾಲ್ಲೂಕು ಊರುಗಳಲ್ಲಿ ಗ್ಯಾರೇಜು, ಮೋಟಾರ್ ರಿವೈಂಡಿಂಗ್ ಅಂಗಡಿ, ಫ್ಯಾಬ್ರಿಕೇಶನ್ ಶೆಡ್ಡು ಇಟ್ಟುಕೊಂಡವರಲ್ಲಿ ನನ್ನದೊಂದು ವಿನಂತಿ ಇದೆ. ಐಟಿಐಯಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ನಿಮ್ಮಲ್ಲಿ ಹಲವರ ಬಾಗಿಲಿಗೆ ಪತ್ರ ಹಿಡಿದು ಬಂದ ಮಕ್ಕಳು ನನ್ನ ತರಗತಿಯವರೇ ಆಗಿರಬಹುದು. ಈ ವರ್ಷ ನಿಮ್ಮ ಶಾಪಿನಲ್ಲಿ ಒಂದು ಸಲಕ್ಕೆ ಇಬ್ಬರಂತೆ ಐಟಿಐ ಮಕ್ಕಳನ್ನು ಕೆಲಸದ ತರಬೇತಿಗೆ ತೆಗೆದುಕೊಳ್ಳಿ. ಅವರ ಬೆನ್ನಿಗೆ ಸಂಸ್ಥೆಯಿಂದ ಒಬ್ಬ ಹೊಣೆಗಾರ ಇರಲೇಬೇಕೆಂದು ಪಟ್ಟು ಹಿಡಿಯಿರಿ. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಮುಖ್ಯ. ಯಾಕೆಂದು ಹೇಳುತ್ತೇನೆ.

ಐಟಿಐ ವಿದ್ಯಾರ್ಥಿಗೆ ವರ್ಷಕ್ಕೆ 1,200 ಗಂಟೆಗಳ ತರಬೇತಿ. ಮೊದಲ ವರ್ಷ ಅದರಲ್ಲಿ 840 ಗಂಟೆ ಪ್ರಾಯೋಗಿಕ, 240 ಗಂಟೆ ಥಿಯರಿ, 120 ಗಂಟೆ ಉದ್ಯೋಗ ಕೌಶಲ. 2022ರಲ್ಲಿ ಪಠ್ಯಕ್ರಮ ಪರಿಷ್ಕರಣೆಯಾದಾಗ ಇದರ ಮೇಲೆ ವರ್ಷಕ್ಕೆ 150 ಗಂಟೆ ಹತ್ತಿರದ ಉದ್ಯಮದಲ್ಲಿ ಕೆಲಸದ ತರಬೇತಿ ಕಡ್ಡಾಯವಾಯಿತು. ದಿನಕ್ಕೆ ಆರು ಗಂಟೆಯಂತೆ ಹಿಡಿದರೆ ಇಪ್ಪತ್ತೈದು ದಿನ. ಎರಡು ವರ್ಷದ ಟ್ರೇಡಾದರೆ ಐವತ್ತು ದಿನ. ಹದಿನೇಳು, ಹದಿನೆಂಟು ವಯಸ್ಸಿನ ಮಕ್ಕಳಿಗೆ ಇದು ಸಣ್ಣ ಅವಧಿಯಲ್ಲ. ಅದೇ ಪಠ್ಯಕ್ರಮದಲ್ಲಿ ಇನ್ನೊಂದು ಸಾಲೂ ಇದೆ: ಹತ್ತಿರ ಉದ್ಯಮ ಸಿಗದಿದ್ದ ಕಡೆ ಗುಂಪು ಪ್ರಾಜೆಕ್ಟ್ ಮಾಡಿಸಬೇಕು. ಕಾರ್ಖಾನೆಯ ಹೊಗೆಕೊಳವೆಯೇ ಕಾಣದ ತಾಲ್ಲೂಕುಗಳಿಗೆ ಆ ಸಾಲು ಬೇಕೇಬೇಕು. ಆದರೆ ಕೈಗಾರಿಕಾ ಪ್ರದೇಶಕ್ಕೆ ಬಸ್ಸಿನಲ್ಲಿ ಹೋಗಿಬರಬಹುದಾದ ಸಂಸ್ಥೆಗಳೂ ಅದರ ಆಸರೆ ಪಡೆಯುವುದನ್ನು ನಾನು ನೋಡಿದ್ದೇನೆ. ಉದ್ಯಮ ಸಿಗಲಿಲ್ಲ ಎನ್ನುವುದಕ್ಕೂ ಯಾರೂ ಹೋಗಿ ಕೇಳಲಿಲ್ಲ ಎನ್ನುವುದಕ್ಕೂ ಬಹಳ ಅಂತರವಿದೆ.

ಸಾಮಾನ್ಯವಾಗಿ ಆಗುವುದು ಹೀಗೆ. ಸಂಸ್ಥೆ ಒಂದು ಪತ್ರ ಟೈಪು ಮಾಡಿಸಿ, ಸೀಲು ಹಾಕಿ, ಹುಡುಗನ ಕೈಗೆ ಕೊಡುತ್ತದೆ. ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು ಎಂಬುದು ಅವನ ಪಾಡು. ಬೈಲಹೊಂಗಲದ ಕಡೆಯ ರೈತನ ಮಗ ಬೆಳಿಗ್ಗೆ ಬಸ್ಸು ಹತ್ತಿ ಬಂದು ಉದ್ಯಮಬಾಗದ ಗೇಟುಗಳ ಮುಂದೆ ಒಂದಾದ ಮೇಲೊಂದರಂತೆ ನಿಲ್ಲುತ್ತಾನೆ. ವಾಚಮನ್ ಒಳಗೆ ಬಿಡುವುದಿಲ್ಲ. ಅದೇ ವಾರ ಅಂಥವೇ ನಲವತ್ತು ಪತ್ರಗಳು ಅದೇ ಗೇಟಿಗೆ ಬಂದಿರುತ್ತವೆ, ಯಾಕೆಂದರೆ ಎಲ್ಲ ಸಂಸ್ಥೆಗಳಿಗೂ ನೆನಪಾಗುವುದು ಒಂದೇ ತಿಂಗಳಲ್ಲಿ. ಸೋದರಮಾವ ಸೂಪರ್‌ವೈಸರ್ ಆಗಿರುವ ಹುಡುಗನಿಗೆ ಜಾಗ ಸಿಗುತ್ತದೆ. ಉಳಿದವರಲ್ಲಿ ಕೆಲವರು ಪರಿಚಯದ ಅಂಗಡಿಯ ಲೆಟರ್‌ಹೆಡ್ ಮೇಲೆ ‘ತೃಪ್ತಿಕರವಾಗಿ ಪೂರೈಸಿದ್ದಾರೆ’ ಎಂದು ಬರೆಸಿಕೊಂಡು ಬರುತ್ತಾರೆ. ಆ ಕಾಗದ ಫೈಲಿಗೆ ಸೇರುತ್ತದೆ, ತಪಾಸಣೆಯಲ್ಲಿ ಪಾಸಾಗುತ್ತದೆ. ಮುಂದೆ ಸಂದರ್ಶನದಲ್ಲಿ ಯಾರಾದರೂ ಟೂಲ್ ಆಫ್‌ಸೆಟ್ ಹೇಗೆ ಕೊಡುತ್ತೀ ಎಂದು ಕೇಳಿದಾಗ ಹುಡುಗ ತಲೆ ತಗ್ಗಿಸುತ್ತಾನೆ. ಇದರಲ್ಲಿ ಮಗುವಿನ ತಪ್ಪು ಏನೂ ಇಲ್ಲ.

ಸಂಸ್ಥೆಯಲ್ಲೇ ಯಂತ್ರಗಳಿವೆಯಲ್ಲ, ಹೊರಗೆ ಯಾಕೆ ಎಂದು ಕೇಳುವವರಿದ್ದಾರೆ. ಹೌದು, ಈಗ ಇವೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ 4,700 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ ಮೇಲ್ದರ್ಜೆಗೆ ಏರಿಸಲಾಯಿತು. 2022ರ ಜೂನ್‌ನಲ್ಲಿ ಅವುಗಳ ಲೋಕಾರ್ಪಣೆಯೂ ಆಯಿತು. ಸಿಎನ್‌ಸಿ ಯಂತ್ರ ಬಂತು, ರೋಬೋಟ್ ಬಂತು, ವೆಲ್ಡಿಂಗ್ ಸಿಮ್ಯುಲೇಟರ್ ಬಂತು. ನಮ್ಮ ಕಾಲದ ಪಟ್ಟಿ ಕಿತ್ತ ಲೇತುಗಳನ್ನು ನೋಡಿದವನಿಗೆ ಅದರ ಬೆಲೆ ಗೊತ್ತು. ಆದರೂ ಯಂತ್ರ ಕಲಿಸದ ಕೆಲವು ಸಂಗತಿಗಳಿವೆ.

ತರಗತಿಯಲ್ಲಿ ಫಿಟ್ಟರ್ ಹುಡುಗಿಯೊಬ್ಬಳು ಒಂದು ಜಾಬಿಗೆ ವಾರವಿಡೀ ಫೈಲ್ ಉಜ್ಜುತ್ತಾಳೆ. ಕೆಟ್ಟರೆ ಇನ್ನೊಂದು ಕಬ್ಬಿಣದ ತುಂಡು ಸಿಗುತ್ತದೆ. ಶಾಪಿನಲ್ಲಿ ಅದೇ ಅಳತೆಯ ಬುಶ್ ಒಂದು ಪಾಳಿಗೆ ಇನ್ನೂರು ಬೀಳಬೇಕು. ಮೊದಲ ಪೀಸನ್ನು ತಪಾಸಣೆಯ ಮೇಜಿಗೆ ಒಯ್ದು ಸಹಿ ಹಾಕಿಸಿಕೊಂಡ ಮೇಲೆಯೇ ಎರಡನೆಯದಕ್ಕೆ ಕೈ ಹಚ್ಚಬೇಕು. ಪ್ಲಗ್ ಗೇಜಿನ ‘ಗೋ’ ತುದಿ ರಂಧ್ರದೊಳಗೆ ಸಲೀಸಾಗಿ ಇಳಿಯಬೇಕು, ‘ನೋ ಗೋ’ ತುದಿ ಬಾಯಲ್ಲೇ ನಿಲ್ಲಬೇಕು. ಮಧ್ಯಾಹ್ನದ ಹೊತ್ತಿಗೆ ಇನ್ಸರ್ಟ್ ಸವೆದು ರಂಧ್ರದ ಅಳತೆ ಮೆಲ್ಲಗೆ ಸರಿಯತೊಡಗುತ್ತದೆ. ಅದನ್ನು ಯಂತ್ರದ ಸದ್ದಿನಲ್ಲೇ ಹಿಡಿಯುವ ಮೇಸ್ತ್ರಿಯೊಬ್ಬರು ಪಕ್ಕದಲ್ಲಿರುತ್ತಾರೆ. ಕೆಟ್ಟ ಪೀಸನ್ನು ಒಳ್ಳೆಯ ಪೀಸುಗಳ ನಡುವೆ ಮುಚ್ಚಿಡದೆ ಕೆಂಪು ಟ್ರೇಗೆ ಹಾಕಿ, ‘ಸರ್, ಇದು ನನ್ನಿಂದ ಕೆಟ್ಟಿತು’ ಎಂದು ಹೇಳುವ ಧೈರ್ಯವೂ ಅಲ್ಲೇ ಬರುತ್ತದೆ. ಇದನ್ನು ಯಾವ ಸಿಮ್ಯುಲೇಟರಿಗೂ ಕಲಿಸಲು ಬರುವುದಿಲ್ಲ.

ಇನ್ನು ಆರಂಭದಲ್ಲಿ ಹೇಳಿದ ಹೊಣೆಗಾರರ, ಅಂದರೆ ಸಂಯೋಜಕರ ಮಾತು. ಕಾರ್ಖಾನೆಯೊಳಗೆ ಜಾಗ ಸಿಕ್ಕ ಮಾತ್ರಕ್ಕೆ ಕಲಿಕೆ ಸಿಕ್ಕಿತೆಂದಲ್ಲ. ಡೆಲಿವರಿಯ ಒತ್ತಡದಲ್ಲಿರುವ ಶಾಪಿಗೆ ಹೊಸ ಹುಡುಗನೋ ಹುಡುಗಿಯೋ ಬಂದರೆ ಅವರ ಕೈಗೆ ಮೊದಲು ಬರುವುದು ಪೊರಕೆ. ಯಂತ್ರದ ಕೆಳಗಿನ ಚೂರು ಗುಡಿಸು, ಚಹಾ ತಾ, ಎಣ್ಣೆ ಒರೆಸು. ಒಂದೆರಡು ದಿನ ಗುಡಿಸಲಿ, ಶಾಪಿನ ನೆಲ ತಿಳಿಯದವನಿಗೆ ಯಂತ್ರವೂ ತಿಳಿಯುವುದಿಲ್ಲ. ಇಪ್ಪತ್ತೈದು ದಿನವೂ ಅದೇ ಆದರೆ ಅದಕ್ಕೆ ತರಬೇತಿ ಎಂದು ಹೆಸರಿಡಬಾರದು. ಮೂರನೆಯ ದಿನವೋ ನಾಲ್ಕನೆಯ ದಿನವೋ ಸಂಸ್ಥೆಯಿಂದ ಕಿರಿಯ ತರಬೇತಿ ಅಧಿಕಾರಿ (ಜೆಟಿಒ) ಒಬ್ಬರು ಬಂದು ಮೇಸ್ತ್ರಿಯ ಪಕ್ಕ ನಿಂತು, ‘ಇವಳಿಗೆ ಬರ್ ತೆಗೆಯುವುದು ಬರುತ್ತದೆ, ವರ್ನಿಯರ್ ಓದಲು ಬರುತ್ತದೆ. ನಾಳೆಯಿಂದ ಗೇಜ್ ತಪಾಸಣೆಗೆ ಕೂರಿಸಿ ನೋಡುತ್ತೀರಾ?’ ಎಂದು ಕೇಳಿದರೆ ಸಾಕು, ಆ ಹುಡುಗಿಯ ಉಳಿದ ದಿನಗಳೇ ಬೇರೆಯಾಗುತ್ತವೆ. ಮೇಸ್ತ್ರಿಗಳು ಕೆಟ್ಟವರಲ್ಲ. ಆ ಮಗುವಿಗೆ ಏನು ಬರುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೆ.

ಆದ್ದರಿಂದ ಪ್ರಾಚಾರ್ಯರಲ್ಲಿ, ಇಲಾಖೆಯ ಅಧಿಕಾರಿಗಳಲ್ಲಿ ನನ್ನ ಕೋರಿಕೆ: ಪ್ರತಿ ಸಂಸ್ಥೆಯಲ್ಲಿ ಒಬ್ಬ ಜೆಟಿಒಗೆ ಈ ಕೆಲಸವನ್ನು ಹೆಸರು ಹಿಡಿದು ವಹಿಸಿ. ಅವರ ತರಗತಿಯ ಹೊರೆಯನ್ನು ಅರ್ಧ ಇಳಿಸಿ, ಓಡಾಟದ ಭತ್ಯೆ ಕೊಡಿ. ಇರುವ ಪಾಠದ ಮೇಲೆ ಇದನ್ನೂ ಹೇರಿದರೆ ಅವರು ಫೋನಿನಲ್ಲೇ ಮುಗಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ. ಜಿಲ್ಲೆಯ ಸಂಸ್ಥೆಗಳೆಲ್ಲ ವರ್ಷದ ಆರಂಭದಲ್ಲೇ ಒಂದೆಡೆ ಕೂತು ತಿಂಗಳುಗಳನ್ನು ಹಂಚಿಕೊಳ್ಳಲಿ. ಇಬ್ಬರಿಗೆ ಜಾಗವಿರುವ ಒಂದು ಸಣ್ಣ ಶಾಪು, ಮಕ್ಕಳು ಸರತಿಯಲ್ಲಿ ಬಂದರೆ, ಹತ್ತು ತಿಂಗಳಲ್ಲಿ ಇಪ್ಪತ್ತು ಮಂದಿಗೆ ಕಲಿಸಬಲ್ಲದು. ಅಂಥ ಐವತ್ತು ಶಾಪುಗಳು ಒಪ್ಪಿದರೆ ಸಾವಿರ ಮಕ್ಕಳು. ನಲವತ್ತು ಮಂದಿ ಒಟ್ಟಿಗೆ ಬಂದರೆ ದೊಡ್ಡ ಕಾರ್ಖಾನೆಯೂ ಗೇಟು ಮುಚ್ಚುತ್ತದೆ. ಯಂತ್ರದ ಟ್ರೇಡುಗಳಿಗೆ ಸತತ ನಾಲ್ಕು ವಾರ ಕಳಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಒಂದು ಜಾಬಿನ ಸೆಟ್ಟಿಂಗ್ ಶುರುವಾಗಿ ಮುಗಿಯುವ ತನಕ ಮಗು ಅಲ್ಲಿರಬೇಕು. ಗ್ಯಾರೇಜಿಗಾದರೆ ವಾರಕ್ಕೊಂದು ದಿನ ಕಳಿಸಿದರೂ ನಡೆದೀತು. ಅಲ್ಲಿ ದಿನಕ್ಕೊಂದು ಬಗೆಯ ಗಾಡಿ, ದಿನಕ್ಕೊಂದು ಬಗೆಯ ರಿಪೇರಿ.

ಮಾಲೀಕರು ನನ್ನೊಡನೆ ಹೇಳಿಕೊಂಡ ಅಂಜಿಕೆಗಳನ್ನು ನಾನು ತಳ್ಳಿಹಾಕುವುದಿಲ್ಲ. ಕೈ ಬೆರಳು ಹೋದರೆ ಯಾರು ಹೊಣೆ? ಈ ಪ್ರಶ್ನೆ ನ್ಯಾಯವಾದದ್ದು. ಮೊದಲ ವರ್ಷದ ಮಕ್ಕಳಲ್ಲಿ ಬಹಳಷ್ಟು ಜನರಿಗೆ ಹದಿನೆಂಟು ತುಂಬಿರುವುದಿಲ್ಲ. ಹದಿನಾಲ್ಕರಿಂದ ಹದಿನೆಂಟರ ನಡುವಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚಬಾರದೆಂದು 2016ರ ತಿದ್ದುಪಡಿಯ ನಂತರ ಕಾನೂನೇ ಹೇಳುತ್ತದೆ. ಹಾಗಾಗಿ ಪವರ್ ಪ್ರೆಸ್ಸು, ಫೌಂಡ್ರಿಯ ಕರಗಿದ ಲೋಹ, ಎತ್ತರದ ಕೆಲಸ ಇವುಗಳಿಂದ ಅವರನ್ನು ದೂರವಿಡಿ. ತಪಾಸಣೆ, ಜೋಡಣೆ, ಪ್ಯಾನಲ್ ವೈರಿಂಗ್, ಸ್ಟೋರು ಇವೆಲ್ಲ ಅವರಿಗೆ ತೆರೆದಿರಲಿ. ಬೂಟು, ಕನ್ನಡಕ ಸಂಸ್ಥೆಯಿಂದಲೇ ಬರಲಿ. ಅಪಘಾತ ವಿಮೆ ಮಾಡಿಸದೆ ಮಕ್ಕಳನ್ನು ಕಳಿಸಿದ ಸಂಸ್ಥೆಗೆ ‘ವಿಮೆಯ ಕಾಗದ ತಂದ ಮೇಲೆ ಬನ್ನಿ’ ಎಂದು ನೀವೇ ಹೇಳಿ. ಹಾಗೆ ಹೇಳಿ ಕಳಿಸುವ ಮಾಲೀಕರೇ ನನಗೆ ಬೇಕು.

ಇನ್ನೊಂದು ಅಂಜಿಕೆ, ಕಲಿತ ಮೇಲೆ ಪುಣೆಗೋ ಬೆಂಗಳೂರಿಗೋ ಹೋಗಿಬಿಡುತ್ತಾರೆ ಎಂಬುದು. ಕೆಲವರು ಹೋಗುತ್ತಾರೆ. ಆದರೆ ಆಪರೇಟರ್ ಸಿಗುತ್ತಿಲ್ಲ ಎಂದು ಪ್ರತಿ ಸಭೆಯಲ್ಲೂ ಕೇಳಿಬರುವ ದೂರಿಗೆ ಬೇರೆ ಪರಿಹಾರ ನನಗಂತೂ ಗೊತ್ತಿಲ್ಲ. ಹುಡುಗನ ಕೈ, ಅವನ ಬುದ್ಧಿ, ಅವನು ವೇಳೆಗೆ ಸರಿಯಾಗಿ ಬರುತ್ತಾನೋ ಇಲ್ಲವೋ ಎಂಬುದನ್ನು ನಾಲ್ಕು ವಾರ ಕಣ್ಣಾರೆ ಕಂಡು, ಕೋರ್ಸು ಮುಗಿದ ಮೇಲೆ ಕರೆಯುವ ಅವಕಾಶ ಸಂದರ್ಶನದ ಹತ್ತು ನಿಮಿಷದಲ್ಲಿ ಸಿಗುವುದಿಲ್ಲ. ಆಮೇಲೆ ಅಪ್ರೆಂಟಿಸ್ ಆಗಿ ಇಟ್ಟುಕೊಳ್ಳಬಹುದು. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು 2019ರಿಂದ ಕಡ್ಡಾಯವಾಗಿದೆ. ನಾಲ್ಕು ಜನರ ಶಾಪಿನವರೂ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಯೋಜನೆಯಡಿ ಸ್ಟೈಪೆಂಡಿನ ಶೇ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮಿತಿಯೊಳಗೆ, ಕೇಂದ್ರ ಸರ್ಕಾರ ಭರಿಸುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ಕಲಿಯುವವನು, ಕಾರ್ಮಿಕನಲ್ಲ. ಆದರೆ ಅವನ ಸುರಕ್ಷತೆ ಮತ್ತು ಗಾಯದ ಪರಿಹಾರದ ಹೊಣೆಯಿಂದ ಆ ಕಾಯ್ದೆ ನಿಮ್ಮನ್ನು ಬಿಡಿಸುವುದಿಲ್ಲ. ಬಿಡಿಸಬಾರದು ಕೂಡ.

ಬಸ್ಸಿನ ವಿಷಯ ಚಿಕ್ಕದೆನಿಸಬಹುದು, ಆದರೆ ಎಷ್ಟೋ ಮಕ್ಕಳು ಅಲ್ಲೇ ಸೋಲುತ್ತಾರೆ. ವಿದ್ಯಾರ್ಥಿ ಪಾಸು ಮನೆಯಿಂದ ಸಂಸ್ಥೆಯ ತನಕದ ಮಾರ್ಗಕ್ಕೆ. ತರಬೇತಿಯ ಜಾಗ ಇನ್ನೊಂದು ದಿಕ್ಕಿನಲ್ಲಿದ್ದರೆ ದಿನವೂ ಟಿಕೆಟು ತೆಗೆಯಬೇಕು. ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ 2023ರಲ್ಲಿ ಬಂದ ಮೇಲೆ ಹುಡುಗಿಯರಿಗೆ ಆ ಚಿಂತೆ ತಪ್ಪಿತು, ಹುಡುಗರಿಗೆ ಉಳಿಯಿತು. ಮನೆಯಿಂದ ದಿನಕ್ಕೆ ಇಪ್ಪತ್ತು ರೂಪಾಯಿ ಕೇಳಲು ಹಿಂಜರಿಯುವ ಹುಡುಗರಿದ್ದಾರೆ, ಅವರು ನಾಲ್ಕನೆಯ ದಿನ ಬರುವುದನ್ನೇ ನಿಲ್ಲಿಸುತ್ತಾರೆ. ತರಬೇತಿಯ ಅವಧಿಗೆ ಪಾಸಿನ ಮಾರ್ಗ ವಿಸ್ತರಿಸಿ ಕೊಡಿ ಎಂದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಅಧಿಕಾರಿಗಳಲ್ಲಿ ಕೇಳುತ್ತೇನೆ. ಮಕ್ಕಳ ಪಟ್ಟಿ ಒದಗಿಸುವ ಕೆಲಸವನ್ನು ಆ ಸಂಯೋಜಕರೇ ಮಾಡಲಿ. ಸಾರಿಗೆ ಸಂಸ್ಥೆಯ ಡಿಪೋಗಳಲ್ಲೇ ಡೀಸೆಲ್ ಮೆಕ್ಯಾನಿಕ್ ಮಕ್ಕಳಿಗೆ ಕಲಿಯಲು ಎಷ್ಟೊಂದಿದೆ! ಎಲೆಕ್ಟ್ರಿಷಿಯನ್ ಮಕ್ಕಳಿಗೆ ವಿದ್ಯುತ್ ಕಂಪನಿ ಹೆಸ್ಕಾಂ ಇದೆ, ಕಂಪ್ಯೂಟರ್ ಟ್ರೇಡಾದ ಕೋಪಾ ಓದುವವರಿಗೆ ಲೆಕ್ಕಪರಿಶೋಧಕರ ಕಚೇರಿಗಳಿವೆ, ಹೊಲಿಗೆ ಕಲಿಯುವವರಿಗೆ ಗಾರ್ಮೆಂಟ್ಸ್ ಘಟಕಗಳಿವೆ.

ತಂದೆತಾಯಂದಿರೇ, ಮಗಳನ್ನು ಕಾರ್ಖಾನೆಗೆ ಕಳಿಸಲು ಹಿಂದೆಮುಂದೆ ನೋಡುವುದು ನನಗೆ ಅರ್ಥವಾಗುತ್ತದೆ. ಬೇಡ ಎನ್ನುವ ಮೊದಲು ಮೂರು ವಿಷಯ ಕೇಳಿ: ಅಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇದೆಯೇ, ಒಬ್ಬಳನ್ನೇ ಕಳಿಸುತ್ತಾರೋ ಜೊತೆಗೆ ಇನ್ನೊಬ್ಬಳಿರುತ್ತಾಳೋ, ಎಷ್ಟು ಗಂಟೆಗೆ ಬಿಡುತ್ತಾರೆ. ಉತ್ತರ ಸರಿಯಿದ್ದರೆ ಕಳಿಸಿಕೊಡಿ. ಪ್ಯಾನಲ್ ಬೋರ್ಡಿನ ನೂರಾರು ತಂತಿಗಳ ತುದಿಗೆ ನಂಬರಿನ ಫೆರೂಲ್ ತೊಡಿಸಿ, ನಕಾಶೆ ನೋಡಿ ಒಂದೂ ತಪ್ಪದಂತೆ ಜೋಡಿಸುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಅವರ ಸಂಬಳದಿಂದ ತಮ್ಮಂದಿರು ಓದಿದ್ದಾರೆ.

ಐಟಿಐ ಮುಗಿಸಿ ಇಂದು ಸೂಪರ್‌ವೈಸರ್, ಫೋರಮನ್, ಮಾಲೀಕರೂ ಆಗಿರುವ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಸಲುಗೆಯಿಂದ ಕೇಳುತ್ತೇನೆ. ಗೇಟಿನಲ್ಲಿ ನಿಂತ ಹುಡುಗನ ಪತ್ರವನ್ನು ಒಳಗೆ ತರಿಸಿ ನೋಡಿ. ಅವನ ದಿನಚರಿ ಪುಸ್ತಕಕ್ಕೆ ಸಹಿ ಮಾಡುವ ಮೊದಲು ಆ ದಿನ ಏನು ಮಾಡಿದೆ ಎಂದು ಒಂದು ಮಾತು ಕೇಳಿ, ಅವನು ಬರೆದದ್ದನ್ನು ಓದಿ. ಮಾಡದೇ ಇದ್ದ ಕೆಲಸಕ್ಕೆ ಪ್ರಮಾಣಪತ್ರ ಕೊಡಬೇಡಿ, ಎಷ್ಟೇ ಗೋಗರೆದರೂ.

ಈಗ ಮಾಡಬೇಕಾದದ್ದು ಇಷ್ಟೇ. ನಿಮ್ಮ ಹತ್ತಿರದ ಐಟಿಐಗೆ ಹೋಗಿ, ಇಲ್ಲವೇ ಆಳಿನ ಕೈಯಲ್ಲಿ ಒಂದು ಚೀಟಿ ಕಳಿಸಿ. ನಿಮ್ಮ ಶಾಪಿನ ಹೆಸರು, ಯಾವ ಟ್ರೇಡಿನವರು ಬೇಕು, ಯಾವ ತಿಂಗಳು ಅನುಕೂಲ, ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮೇಸ್ತ್ರಿ ಯಾರು ಎಂಬುದನ್ನು ಬರೆಯಿರಿ. ಚೀಟಿಯ ಕೆಳಗೆ, ‘ನಿಮ್ಮ ಸಂಸ್ಥೆಯ ಕಡೆಯಿಂದ ವಾರಕ್ಕೊಮ್ಮೆ ಬಂದು ಹೋಗುವವರು ಯಾರು?’ ಎಂದು ಪ್ರಾಚಾರ್ಯರನ್ನು ಕೇಳಿ. ಆ ಹೆಸರು ಬರವಣಿಗೆಯಲ್ಲಿ ಬರುವ ತನಕ ಮತ್ತೆ ಮತ್ತೆ ಕೇಳಿ.