ಶಾಲೆಯ ಗೇಟಿಗೆ ಬೀಗವೇಕೆ?



ನಿಮ್ಮ ಬಡಾವಣೆಯ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಯೊಳಗೆ ನೀವು ಕೊನೆಯ ಸಲ ಕಾಲಿಟ್ಟದ್ದು ಯಾವಾಗ? ಬಹುತೇಕರ ಉತ್ತರ ಒಂದೇ: ಓಟು ಹಾಕಲು ಹೋದಾಗ! ಅಂದು ಇಡೀ ಬೀದಿ ಆ ಗೇಟು ದಾಟುತ್ತದೆ. ಆಮೇಲೆ ಸಂಜೆ, ಭಾನುವಾರ, ಬೇಸಿಗೆ ರಜೆ, ಎಂದು ನೋಡಿದರೂ ಬೀಗ. ಹೊರಗೆ ಹುಡುಗರು ಕಾರುಗಳ ನಡುವೆ ಕ್ರಿಕೆಟ್ ಆಡುತ್ತಾರೆ. ಒಂದೇ ಕೋಣೆಯ ಮನೆಯ ಹುಡುಗಿಗೆ ಓದಲು ಜಾಗವಿಲ್ಲ.

ಜನ ಬಳಸದ ಕಟ್ಟಡವನ್ನು ಜನ ಕಾಯುವುದಿಲ್ಲ. ಮಕ್ಕಳು ಕಡಿಮೆ ಎಂದು ನಾಳೆ ಆ ಶಾಲೆಯನ್ನು ಮುಚ್ಚಿದರೆ ಕೇಳುವವರು ಯಾರು?

ಬ್ರೆಜಿಲ್ ದೇಶದ ಸಾವೊ ಪಾಲೊ ನಗರವನ್ನು ನೋಡಿ. ಅಲ್ಲಿನ ನಗರಾಡಳಿತ 2003-04ರಲ್ಲಿ ಊರಂಚಿನ ಬಡವರ ಬಡಾವಣೆಗಳಲ್ಲಿ 21 ಶಾಲಾ ಸಂಕೀರ್ಣಗಳನ್ನು ಕಟ್ಟಿತು. ಒಂದೇ ಆವರಣದಲ್ಲಿ ಶಾಲೆ, ಗ್ರಂಥಾಲಯ, ರಂಗಮಂದಿರ, ಈಜುಕೊಳ. ವಾರದ ಕೊನೆಯಲ್ಲಿ ಸುತ್ತಲಿನ ಜನರಿಗೂ ಪ್ರವೇಶ!

ನಮಗೆ ಈಜುಕೊಳ ಬೇಡ, ಒಳ್ಳೆಯ ನಕ್ಷೆ ಸಾಕು. ಗ್ರಂಥಾಲಯ, ಸಭಾಂಗಣ, ಆಟದ ಬಯಲು ಬೀದಿಯ ಕಡೆಗಿರಲಿ. ತರಗತಿಗಳು, ಬಿಸಿಯೂಟದ ಅಡುಗೆಮನೆ ಒಳಗಡೆಗಿರಲಿ. ನಡುವೆ ಒಂದು ಕಬ್ಬಿಣದ ಬಾಗಿಲು. ಶಾಲೆ ನಡೆಯುವಾಗ ಬೀದಿಯ ಬಾಗಿಲಿಗೆ ಬೀಗ, ಶಾಲೆ ಬಿಟ್ಟ ಮೇಲೆ ನಡುವಿನ ಬಾಗಿಲಿಗೆ ಬೀಗ. ಹೊರಗಿನವರಿಗೆ ಬೇರೆ ನಲ್ಲಿ, ಬೇರೆ ಶೌಚಾಲಯ. ಮಕ್ಕಳ ಸುರಕ್ಷತೆಯಲ್ಲಿ ರಾಜಿ ಇಲ್ಲ! ಜಾಗವಿದ್ದರೆ ಹಳೆಯ ಶಾಲೆಯಲ್ಲೂ ಒಂದು ಗೋಡೆ, ಒಂದು ಬಾಗಿಲು ಹಾಕಿ ಇದನ್ನು ಶುರು ಮಾಡಬಹುದು.

ದುಡ್ಡೆಲ್ಲಿ ಎನ್ನುತ್ತೀರಾ? 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಮನೆಯ ತೆರಿಗೆ ರಸೀದಿ ತೆಗೆದು ನೋಡಿ. ಆ ಹಣದ ಒಂದು ವಾಚನಾಲಯ ಶಾಲೆಯ ಬೀದಿ ಬದಿಯ ಕೋಣೆಯಲ್ಲಿ ಏಕಿರಬಾರದು?

ಒಂದು ಎಚ್ಚರ. ಬಾಗಿಲು ತೆರೆಯುವುದೆಂದರೆ ಮದುವೆ ಛತ್ರ ಮಾಡುವುದಲ್ಲ, ಪುಢಾರಿಯ ಹುಟ್ಟುಹಬ್ಬದ ಪೆಂಡಾಲ್ ಹಾಕುವುದಲ್ಲ. ಸೋಮವಾರ ಬೆಳಿಗ್ಗೆ ಮಕ್ಕಳು ಎಂಜಲೆಲೆ ತುಳಿದು ಒಳಗೆ ಬರಬಾರದು. ಯಾರು, ಯಾವ ದಿನ, ಎಷ್ಟು ಹೊತ್ತು ಎಂಬುದನ್ನು ಶಾಲಾ ಸಮಿತಿ ಬರೆದು ಗೋಡೆಗೆ ಹಚ್ಚಲಿ. ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದು ಶಾಸಕರ ಹಿಂಬಾಲಕರ ಸಮಿತಿಯಲ್ಲ!

ರಾಜ್ಯೋತ್ಸವಕ್ಕೆ ಬೀದಿಯ ತುಂಬ ಬಾವುಟ ಕಟ್ಟುವ ಯುವಕ ಯುವತಿಯರೇ, ಈ ವಾರ ನಿಮ್ಮ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಿ. ಒಂದು ಕೋಣೆ, ವಾರಕ್ಕೆ ಎರಡು ಸಂಜೆ ಕೇಳಿ. ಗುಡಿಸುವ, ದೀಪ ಆರಿಸುವ, ಬೀಗ ಹಾಕುವ ಹೊಣೆ ನಿಮ್ಮದೆಂದು ಬರೆದುಕೊಡಿ. ಮಕ್ಕಳಿಗೆ ಮನೆಪಾಠ ಹೇಳಿ. ಕನ್ನಡ ಬಾರದ ನೆರೆಮನೆಯವರನ್ನು ಕರೆತಂದು ಕನ್ನಡ ಕಲಿಸಿ. ಅಜ್ಜ ಅಜ್ಜಿಯರಿಗೆ ಪತ್ರಿಕೆ ಓದಲು ಬೆಂಚು ಹಾಕಿ.

ಇಡೀ ಬೀದಿಯೇ ಬಳಸುವ ಶಾಲೆಯನ್ನು ಮುಚ್ಚಲು ಯಾವ ಅಧಿಕಾರಿ ಬರುತ್ತಾನೋ ನೋಡೋಣ!